ಕಾರಣ ಕೊಡದ ಮಂಡಳಿ

ಧಾರವಾಡದಲ್ಲಿ ನನ್ನ ತಾಯಿ ಕೊನೆಯ ತನಕವೂ ನಾನು ಲಂಡನ್ನಿನಲ್ಲಿ ಏನು ಕೆಲಸ ಮಾಡುತ್ತೇನೆಂದು ಯಾರಿಗೂ ನೆಟ್ಟಗೆ ಹೇಳಲಿಲ್ಲ. ಮಗಳು ಜೂಜಿನ ಮಂಡಳಿಯಲ್ಲಿದ್ದಾಳೆ ಎಂದರೆ ಓಣಿಯವರು ಏನಂದುಕೊಂಡಾರು ಎಂಬ ಅಂಜಿಕೆ. ‘ಕೋರ್ಟಿನಂಥಾದ್ರಾಗ ಇದ್ದಾಳ್ರಿ’ ಎಂದು ತೇಲಿಸಿಬಿಡುತ್ತಿದ್ದಳು. ಅದು ಪೂರ್ತಿ ಸುಳ್ಳೂ ಅಲ್ಲ. ನಾನು ಕಾನೂನು ಓದಿದವಳು. ಇಲ್ಲಿನ ಸರಕಾರಿ ಆಸ್ಪತ್ರೆಯ ಡಾಕ್ಟರನ್ನು ಮದುವೆಯಾಗಿ ಲಂಡನ್ನಿನ ಅಂಚಿನ ಕೆಂಟನ್ನಿಗೆ ಬಂದಾಗ ಆ ಪದವಿಯನ್ನು ಇಲ್ಲಿ ಯಾರೂ ಮೂಸಿ ನೋಡಲಿಲ್ಲ. ಟೈಪಿಂಗ್ ಬರುತ್ತಿತ್ತು, ಅದು ಅವರಿಗೆ ಬೇಕಾಗಿತ್ತು. ತೊಂಬತ್ತರ ದಶಕದ ಆರಂಭದಲ್ಲಿ, ಕ್ಯಾಸಿನೊ ಮತ್ತು ಬಿಂಗೊ ಜೂಜಿನ ಅಡ್ಡೆಗಳ ಮೇಲೆ ಕಣ್ಣಿಡುವ ಸರಕಾರಿ ಮಂಡಳಿಯೊಂದರಲ್ಲಿ ಗುಮಾಸ್ತೆಯಾಗಿ ಸೇರಿದೆ. ಕೆಲವು ವರ್ಷಗಳಾದ ಮೇಲೆ ಮಂಡಳಿಯ ಸಭೆಗಳಲ್ಲಿ ಕೂತು ನಡಾವಳಿ ಬರೆಯುವ ಕೆಲಸ ನನ್ನದಾಯಿತು.

ಆ ಮಂಡಳಿ ಹೇಗೆ ನಡೆಯುತ್ತಿತ್ತೆಂದು ಮೊದಲು ಹೇಳಿಬಿಡುತ್ತೇನೆ. ಎಲ್ಲರಿಗಿಂತ ಮೇಲೆ ಅಧ್ಯಕ್ಷರು. ಅವರನ್ನು ಮಂತ್ರಿ ನೇಮಿಸುತ್ತಿದ್ದರು. ಅವರು ವಾರಕ್ಕೊಮ್ಮೆ ಬಂದು, ಕೋಟು ತೂಗುಹಾಕಿ, ಚಹಾ ಕುಡಿದು, ದೊಡ್ಡ ಮೇಜಿನ ತುದಿಯಲ್ಲಿ ಕೂರುತ್ತಿದ್ದರು. ಅವರ ಅಕ್ಕಪಕ್ಕ ಕೆಲವು ಸದಸ್ಯರು, ಅವರೂ ಮಂತ್ರಿಯ ಆಯ್ಕೆಯೇ, ಅವರೂ ಬಂದುಹೋಗುವವರೇ. ಇವರ ಕೆಳಗೆ ಕಾರ್ಯದರ್ಶಿ, ದಿನವೂ ಬರುವ ದೊಡ್ಡ ಅಧಿಕಾರಿ. ಅಧ್ಯಕ್ಷರು ಏನು ತೀರ್ಮಾನಿಸಬೇಕು ಎನ್ನುವುದನ್ನು ಹಿಂದಿನ ದಿನವೇ ತೀರ್ಮಾನಿಸಿ ಇಟ್ಟಿರುತ್ತಿದ್ದವರು ಅವರು. ಕಾರ್ಯದರ್ಶಿಯ ಕೆಳಗೆ ಎರಡು ದಂಡು. ಒಂದು ಇನ್‌ಸ್ಪೆಕ್ಟರುಗಳದ್ದು, ಹೆಚ್ಚಿನವರು ಪೊಲೀಸ್ ಕೆಲಸ ಮುಗಿಸಿ ಬಂದವರು, ಕ್ಯಾಸಿನೊಗಳನ್ನು ಸುತ್ತಿ ಮೂಗು ತೂರಿಸುವವರು. ಇನ್ನೊಂದು ನಮ್ಮದು, ಕಾಗದಪತ್ರದವರ ದಂಡು. ಜೂಜು ಅಂದರೇನೆಂದು ಬಲ್ಲವರೆಲ್ಲ ಕೆಳಗೆ, ಇಸ್ಪೀಟಿನ ರಾಜ ರಾಣಿಯರ ಗುರುತೂ ಇಲ್ಲದವರು ಮೇಲೆ. ಇದನ್ನು ನಾನು ಒಮ್ಮೆ ಕ್ಯಾಂಟೀನಿನಲ್ಲಿ ಹೇಳಿದ್ದಕ್ಕೆ ಮುಖ್ಯ ಇನ್‌ಸ್ಪೆಕ್ಟರರು ತಮ್ಮ ಬಿಸ್ಕತ್ತು ನನಗೆ ಕೊಟ್ಟರು.

ಕ್ಯಾಸಿನೊದಲ್ಲಿ ಇಸ್ಪೀಟಿನ ಎಲೆ ಹಂಚುವ ಹುಡುಗಿಯಿಂದ ಹಿಡಿದು ಮ್ಯಾನೇಜರನವರೆಗೆ ಪ್ರತಿಯೊಬ್ಬರಿಗೂ ನಮ್ಮ ಮಂಡಳಿಯ ಪ್ರಮಾಣಪತ್ರ ಬೇಕಾಗಿತ್ತು. ಇಂಥವರು ಯೋಗ್ಯರು ಎಂದು ನಾವು ಬರೆದುಕೊಟ್ಟರೆ ಕೆಲಸ, ಇಲ್ಲದಿದ್ದರೆ ಮನೆ. ಮೇಲಿನ ಹುದ್ದೆಗೆ ಮೇಲಿನ ಪ್ರಮಾಣಪತ್ರ. ಅದಕ್ಕೆ ಅರ್ಜಿ ಹಾಕಿದವರನ್ನು ಕೆಲವೊಮ್ಮೆ ಅಧ್ಯಕ್ಷರು, ಸದಸ್ಯರು ಎದುರಿಗೆ ಕೂರಿಸಿಕೊಂಡು ಪ್ರಶ್ನೆ ಕೇಳುತ್ತಿದ್ದರು. ಒಬ್ಬರನ್ನು ಅಯೋಗ್ಯರೆಂದು ತಳ್ಳಿಹಾಕಿದರೆ ಯಾಕೆ ಎಂದು ನಾವು ಹೇಳುತ್ತಿರಲಿಲ್ಲ. ಕಳ್ಳರಿಗೆ ನಮ್ಮ ಗುಟ್ಟು ಗೊತ್ತಾಗಬಾರದೆಂದು ಮಾಡಿಕೊಂಡ ಏರ್ಪಾಡು ಅದು. ಕಳ್ಳರು ಹೇಗೋ ತಿಳಿದುಕೊಳ್ಳುತ್ತಿದ್ದರು. ತಿಳಿಯದೆ ಒದ್ದಾಡುತ್ತಿದ್ದವರು ಉಳಿದವರು.

ಕುಂದಾಪುರದವಳೊಬ್ಬಳ ಪರಿಚಯ ನನಗಾದದ್ದು ಕನ್ನಡದವರ ಒಂದು ಯುಗಾದಿ ಊಟದಲ್ಲಿ. ಅವಳ ಗಂಡ ಮತ್ತು ಭಾವ ಲಂಡನ್ನಿನ ಪೂರ್ವಕ್ಕಿರುವ ಈಸ್ಟ್ ಹ್ಯಾಮಿನಲ್ಲಿ ದೋಸೆ ಹೋಟೆಲು ನಡೆಸುತ್ತಿದ್ದರು. ಹೋಟೆಲು ಭಾವನ ಹೆಸರಿನಲ್ಲಿ, ದುಡಿತ ಗಂಡನ ಹೆಸರಿನಲ್ಲಿ. ಎರಡೂ ಸಂಸಾರ ಹೋಟೆಲಿನ ಮೇಲಿನ ಮನೆಯಲ್ಲಿ. ಇವಳು ಮಾತ್ರ ಆ ಗಾಣದಿಂದ ತಪ್ಪಿಸಿಕೊಂಡು ನಗರದ ನಡುವಿನ ಒಂದು ಕ್ಯಾಸಿನೊದಲ್ಲಿ ಎಲೆ ಹಂಚುವ ಕೆಲಸ ಹಿಡಿದಿದ್ದಳು. ಸಾಧು ಹೆಣ್ಣೇನಲ್ಲ. ಕೆಂಪು ಉಗುರು, ಎತ್ತರದ ಚಪ್ಪಲಿ, ದೊಡ್ಡ ಬಾಯಿ. ತನಗಿಂತ ಚೆಂದದವರು ಕೋಣೆಯಲ್ಲಿದ್ದರೆ ಅವರ ಸೀರೆಯಲ್ಲಿ ತಪ್ಪು ಹುಡುಕುವವಳು. ನನ್ನ ಇಳಕಲ್ ಸೀರೆಗೆ ‘ಪರ್ದೆ ಮಾಡಿ ಹೊಲ್ಸಿದ್ರೆ ಲಾಯ್ಕ್ ಇತ್ತಿತ್ತ್’ ಅಂದಿದ್ದಳು. ನನಗೆ ಅವಳು ಆ ಕ್ಷಣದಿಂದಲೇ ಇಷ್ಟವಾದಳು.

ಅವಳಿಗೊಂದು ರೂಢಿಯಿತ್ತು. ಕ್ಯಾಸಿನೊದಲ್ಲಿ ಎಲೆ ಹಂಚುವವರು ಮೇಜು ಬಿಟ್ಟು ಏಳುವಾಗ ಎರಡೂ ಅಂಗೈ ಬಿಚ್ಚಿ ಮೇಲಿನ ಕ್ಯಾಮೆರಾಕ್ಕೆ ತೋರಿಸಬೇಕು, ನಾನು ಏನೂ ಎತ್ತಿಕೊಂಡಿಲ್ಲ ಅಂತ. ಅದು ಅವಳ ಮೈಗೆ ಹತ್ತಿಬಿಟ್ಟಿತ್ತು. ಊಟದ ಎಲೆ ಬಿಟ್ಟು ಏಳುವಾಗಲೂ ಅಂಗೈ ತೋರಿಸಿಯೇ ಏಳುತ್ತಿದ್ದಳು. ಮಕ್ಕಳು ಅವಳನ್ನು ನೋಡಿ ಹಾಗೇ ಮಾಡಿ ನಗುತ್ತಿದ್ದರು.

ಅವಳಿಗೆ ಬೇಕಾಗಿದ್ದು ಒಂದೇ. ಕ್ಯಾಸಿನೊದಲ್ಲಿ ಒಂದಿಡೀ ಮಹಡಿಯ ಉಸ್ತುವಾರಿ. ಅದು ಸಿಕ್ಕರೆ ಗಂಡನನ್ನು ಕರೆದುಕೊಂಡು ಭಾವನ ಮನೆಯಿಂದ ಹೊರಬಿದ್ದು ಬೇರೆ ಫ್ಲ್ಯಾಟ್ ಮಾಡಬಹುದು. ಭಾವನ ಹೆಂಡತಿಯ ಎದುರು ದಿನವೂ ಬೆಳಿಗ್ಗೆ ‘ರಾತ್ರಿ ಕೆಲ್ಸದವ್ಳು’ ಅನಿಸಿಕೊಂಡು ಚಹಾ ಕುಡಿಯುವುದು ತಪ್ಪುತ್ತದೆ. ಇಷ್ಟನ್ನು ಅವಳು ನನ್ನ ಅಡುಗೆಮನೆಯಲ್ಲಿ ನಿಂತು ಹೇಳಿದಾಗ ನಾನು, ನಮ್ಮ ಮಂಡಳಿಯ ವಿಷಯ ನನ್ನ ಹತ್ತಿರ ಮಾತಾಡಬೇಡ ಎಂದೆ. ‘ಮಾತಾಡುದಿಲ್ಲೆ. ದೇವ್ರ ಹತ್ರ ಹೇಳ್ದಂಗೆ ಹೇಳ್ದೆ’ ಅಂದಳು.

ಇನ್ನು ಮೈಸೂರಿನ ಡಾಕ್ಟರು. ಅವರು ನನ್ನ ಗಂಡನಿಗೆ ಆಸ್ಪತ್ರೆಯಲ್ಲಿ ಹಿರಿಯರು, ಊರವರಿಗೆಲ್ಲ ಹಿರಿಯರು. ಕನ್ನಡದವರ ಯಾವ ಸಭೆಯಾದರೂ ದೀಪ ಹಚ್ಚಲು ಅವರೇ, ಧರ್ಮದ ಮೇಲೆ ನಾಲ್ಕು ಮಾತಿಗೂ ಅವರೇ. ನಾಲ್ಕು ಮಾತು ಅಂದರೆ ನಾಲ್ಕಕ್ಕೆ ನಿಲ್ಲುತ್ತಿರಲಿಲ್ಲ. ಕೆಟ್ಟವರಲ್ಲ. ಕಷ್ಟದಲ್ಲಿದ್ದ ಎಷ್ಟೋ ಹುಡುಗರಿಗೆ ಮನೆ ಹುಡುಕಿಕೊಟ್ಟಿದ್ದಾರೆ. ಆದರೆ ಯಾರಾದರೂ ತಮ್ಮನ್ನು ನೋಡಿ ನಕ್ಕರೆ ಅವರಿಗೆ ತಡೆದುಕೊಳ್ಳಲು ಆಗುತ್ತಿರಲಿಲ್ಲ.

ತೊಂಬತ್ತರ ದಶಕದ ಕೊನೆಯ ಹೊತ್ತಿನ ಒಂದು ಬೇಸಿಗೆಯಲ್ಲಿ ನಾವು ಧಾರವಾಡ ಕಡೆಯವರು ನಾಗರ ಪಂಚಮಿ ಮಾಡಿದೆವು. ಪಂಚಮಿ ಮುಗಿದ ಭಾನುವಾರ, ನಮ್ಮ ಮನೆಯ ಹಿಂದಿನ ಮೈದಾನದಲ್ಲಿ, ಶೇಂಗಾ ಉಂಡೆ, ಜೋಳದ ಅಳ್ಳು, ತಂಬಿಟ್ಟು ಕಟ್ಟಿಕೊಂಡು. ನಮ್ಮ ಕಡೆ ಪಂಚಮಿಗೆ ಲಿಂಬೆಹಣ್ಣು ಒಗೆಯುವ ಪೈಜು ಇರುತ್ತದೆ. ಒಬ್ಬ ಲಿಂಬೆಹಣ್ಣು ಎಸೆಯುತ್ತಾನೆ, ಬಿದ್ದಲ್ಲಿಂದ ಎತ್ತಿ ಮತ್ತೆ ಎಸೆಯುತ್ತಾನೆ. ಈ ಮರದಿಂದ ಆ ಗೇಟಿನವರೆಗೆ ಎಷ್ಟು ಎಸೆತಕ್ಕೆ ಮುಟ್ಟಿಸುತ್ತಾನೆ ಅನ್ನುವುದರ ಮೇಲೆ ಉಳಿದವರು ಪಂಥ ಕಟ್ಟುತ್ತಾರೆ. ದುಡ್ಡಲ್ಲ, ಕೊಬ್ಬರಿ ಬಟ್ಟಲು. ಮಂಡಳಿಯ ನೌಕರಳಾದ ನಾನು ಯಾವ ಜೂಜಿಗೂ ಕೈ ಹಾಕುವಂತಿರಲಿಲ್ಲ, ಹೀಗಾಗಿ ದೂರ ಕೂತು ಉಂಡೆ ಹಂಚಿದೆ. ಪಂಥದ ಕೊಬ್ಬರಿ ಇಸಿದುಕೊಂಡು, ಗೆದ್ದವರಿಗೆ ಕೊಟ್ಟು, ಸೋತವರದ್ದನ್ನು ಇಟ್ಟುಕೊಳ್ಳುವವರು ಬೇಕಲ್ಲ, ಕುಂದಾಪುರದವಳು ಯಾರೂ ಕೇಳದೆಯೇ ಮುಂದೆ ಬಂದು ಹುಲ್ಲಿನ ಮೇಲೆ ಚಾಪೆ ಹಾಸಿ ಕೂತಳು. ಪಂಚಮಿ ಅವಳ ಊರಿನಲ್ಲೂ ಇದ್ದ ಹಬ್ಬವಾದರೂ ಲಿಂಬೆಹಣ್ಣಿನ ಆಟ ಅವಳು ಕಂಡಿರಲಿಲ್ಲ. ಕಂಡ ಕೂಡಲೇ ಅದು ಅವಳದೇ ಆಯಿತು.

ಡಾಕ್ಟರು ಮೊದಲು ನಿಂತು ನಗುತ್ತಿದ್ದರು. ಆಮೇಲೆ ಮಕ್ಕಳ ಖುಷಿಗೆ ಅಂತ ಒಂದು ಕೊಬ್ಬರಿ ಇಟ್ಟರು. ಸೋತರು. ಇನ್ನೊಂದು ಇಟ್ಟರು. ಅದೂ ಹೋಯಿತು. ಕೋಟು ಬಿಚ್ಚಿದರು. ತಮ್ಮ ಮನೆಯ ಕೊಬ್ಬರಿ ಮುಗಿದ ಮೇಲೆ ನಮ್ಮ ಬುಟ್ಟಿಯಿಂದ ಸಾಲ ತೆಗೆದರು. ಎಸೆಯುವ ಹುಡುಗನಿಗೆ ಹೇಗೆ ಎಸೆಯಬೇಕೆಂದು ಬೈಯತೊಡಗಿದರು. ಊಟಕ್ಕೆ ಕರೆದರೆ ಬರಲಿಲ್ಲ. ಕೊನೆಗೆ ಬುಟ್ಟಿಯೇ ಬರಿದಾದಾಗ ಚಾಪೆಯ ಮೇಲಿಂದ ಅವಳು, ಇಡೀ ಮೈದಾನಕ್ಕೆ ಕೇಳುವಂತೆ, ‘ಡಾಕ್ಟ್ರೇ, ಕೊಬ್ಬರಿ ಮುಗೀತ್. ಇನ್ನ್ ಧರ್ಮರಾಯ್ನಂಗೆ ಹೆಂಡ್ತಿನ ಇಡ್ತ್ರ್ಯಾ?’ ಅಂದಳು.

ಎಲ್ಲರೂ ನಕ್ಕರು. ಎಲ್ಲರಿಗಿಂತ ಹೆಚ್ಚು ನಕ್ಕವರು ಡಾಕ್ಟರ ಹೆಂಡತಿ. ಇವಳು ಎದ್ದು ಎರಡೂ ಅಂಗೈ ಆಕಾಶಕ್ಕೆ ತೋರಿಸಿ, ಗೆದ್ದ ಕೊಬ್ಬರಿಯನ್ನೆಲ್ಲ ಮಕ್ಕಳಿಗೆ ಹಂಚಿ ಊಟಕ್ಕೆ ಹೋದಳು. ಡಾಕ್ಟರು ಕೋಟು ಹಾಕಿಕೊಂಡು ಕಾರಿನಲ್ಲಿ ಹೋಗಿ ಕೂತರು. ಆ ದಿನ ಧರ್ಮದ ಮೇಲೆ ಯಾರೂ ಮಾತಾಡಲಿಲ್ಲ.

ಮುಂದಿನ ವರ್ಷ ನಮ್ಮ ಮಂಡಳಿಗೆ ಹೊಸ ಸದಸ್ಯರು ಬೇಕೆಂದು ಪತ್ರಿಕೆಯಲ್ಲಿ ಪ್ರಕಟಣೆ ಬಂತು. ಮೇಜಿನ ಸುತ್ತ ಒಂದೇ ಬಣ್ಣದ ಮುಖಗಳು ಸಾಕು, ಬೇರೆ ಸಮುದಾಯದವರೂ ಬರಲಿ ಎಂದು ಮೇಲಿನಿಂದ ಮಾತು ಬಂದಿತ್ತು. ಒಂದು ಮಂಗಳವಾರ ಕಾರ್ಯದರ್ಶಿ ಹೊಸ ಸದಸ್ಯರನ್ನು ಪರಿಚಯಿಸಲು ಕರೆತಂದರು. ಮೈಸೂರಿನ ಡಾಕ್ಟರು. ನನ್ನನ್ನು ನೋಡಿ ಇಂಗ್ಲಿಷಿನಲ್ಲಿ ‘ಭೇಟಿಯಾಗಿ ಸಂತೋಷ’ ಎಂದು ಕೈ ಕುಲುಕಿದರು. ನನ್ನ ಮನೆಯ ಹೋಳಿಗೆಯನ್ನು ಅವರು ಎಷ್ಟು ಸಲ ತಿಂದಿದ್ದರೆಂದು ಕಾರ್ಯದರ್ಶಿಗೆ ಯಾಕೆ ಗೊತ್ತಾಗಬೇಕು, ಪಾಪ. ನಾನೂ ಸಂತೋಷ ಅಂದೆ.

ಡಾಕ್ಟರು ಸಭೆಗಳಲ್ಲಿ ಬಹಳ ಬೇಗ ಬೇರುಬಿಟ್ಟರು. ಪರದೇಶದ ಹೆಸರಿರುವ ಯಾವ ಅರ್ಜಿ ಬಂದರೂ ಅಧ್ಯಕ್ಷರು ಅವರ ಕಡೆ ತಿರುಗುತ್ತಿದ್ದರು. ಗ್ರೀಕನಿರಲಿ, ಚೀನಾದವನಿರಲಿ, ಡಾಕ್ಟರು ಕನ್ನಡಕ ತೆಗೆದು ಅವರವರ ಸಂಸ್ಕೃತಿಯ ಬಗ್ಗೆ ನಾಲ್ಕು ಮಾತು ಹೇಳುತ್ತಿದ್ದರು. ನಾನು ಅದನ್ನೆಲ್ಲ ಬರೆದುಕೊಳ್ಳುತ್ತಿದ್ದೆ. ಹಾಳೂರಿಗೆ ಉಳಿದವನೇ ಗೌಡ.

ಅಷ್ಟರಲ್ಲಿ ಕುಂದಾಪುರದವಳ ಅರ್ಜಿ ಬಂತು. ಕ್ಯಾಸಿನೊದವರು ಅವಳಿಗೆ ಮಹಡಿಯ ಉಸ್ತುವಾರಿ ಕೊಡುವುದೆಂದು ನಿಶ್ಚಯಿಸಿದ್ದರು, ಪ್ರಮಾಣಪತ್ರವೊಂದು ಬಾಕಿ. ಇನ್‌ಸ್ಪೆಕ್ಟರರು ಅವಳ ಬಗ್ಗೆ ಒಳ್ಳೆಯದನ್ನೇ ಬರೆದಿದ್ದರು. ಸಂದರ್ಶನಕ್ಕೆ ದಿನ ಗೊತ್ತಾಯಿತು. ಹಿಂದಿನ ವಾರ ನಾನು ಕಾರ್ಯದರ್ಶಿಯ ಕೋಣೆಗೆ ಹೋಗಿ, ಈ ಹೆಂಗಸು ನನಗೆ ಗೊತ್ತು, ಆವತ್ತಿನ ನಡಾವಳಿ ಬೇರೆಯವರು ಬರೆಯಲಿ ಎಂದೆ. ಅವರು ತಲೆ ಎತ್ತದೆ, ಬರೆದುಕೊಳ್ಳುವವರಿಗೆ ಹಿತಾಸಕ್ತಿ ಇರುವುದಿಲ್ಲ ಅಂದರು. ಸದಸ್ಯರಲ್ಲೂ ಒಬ್ಬರಿಗೆ ಆಕೆಯ ಪರಿಚಯ ಉಂಟು ಎಂದೆ. ಆಗ ತಲೆ ಎತ್ತಿದರು. ಅದನ್ನು ಹೇಳಬೇಕೋ ಬೇಡವೋ ಎನ್ನುವುದು ಆ ಸದಸ್ಯರಿಗೆ ಬಿಟ್ಟದ್ದು, ನಿಮಗಲ್ಲ ಎಂದರು.

ಅವಳಿಗೆ ಡಾಕ್ಟರು ಸಭೆಯಲ್ಲಿರುತ್ತಾರೆಂದು ಗೊತ್ತಿತ್ತು. ಸಂದರ್ಶನದ ಬೆಳಿಗ್ಗೆ ಕಾಯುವ ಕೋಣೆಯಲ್ಲಿ ಬೂದುಬಣ್ಣದ ಕೋಟು ತೊಟ್ಟು, ಉಗುರಿನ ಬಣ್ಣ ತೆಗೆದು ಕೂತಿದ್ದಳು. ನನ್ನನ್ನು ಕಂಡು ಮೆಲ್ಲಗೆ, ‘ಒಳ್ಗೆ ನಮ್ಮವ್ರೊಬ್ರ್ ಇದ್ದ್ರಲೆ ಅಕ್ಕ, ಅದೇ ಧೈರ್ಯ’ ಅಂದಳು. ಈ ಮಾತು ನೆನೆದರೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ, ಯಾರ ಮೇಲೆ ಎಂದು ಹೇಳಲಾರೆ. ಹೊರನಾಡಿಗೆ ಬಂದ ನಾವೆಲ್ಲ ಮಾಡುವ ತಪ್ಪು ಇದು. ನಮ್ಮ ಭಾಷೆಯವನು ಕುರ್ಚಿಯಲ್ಲಿ ಕೂತಿದ್ದರೆ ಆ ಕುರ್ಚಿಯ ಅರ್ಧ ನಮ್ಮದು ಅಂದುಕೊಳ್ಳುತ್ತೇವೆ.

ಪ್ರತಿ ಸಭೆಯ ಮೊದಲು ಒಂದು ಪದ್ಧತಿ ಇತ್ತು. ಇವತ್ತಿನ ಅರ್ಜಿದಾರರಲ್ಲಿ ಯಾರ ಪರಿಚಯವಾದರೂ, ಯಾರ ಜೊತೆ ಸಂಬಂಧವಾದರೂ ತಮಗಿದೆಯೇ ಎಂದು ಸದಸ್ಯರನ್ನು ಕೇಳಬೇಕು. ಇದೆ ಎಂದವರು ಆ ಹೊತ್ತಿಗೆ ಎದ್ದು ಹೊರಗೆ ಹೋಗಬೇಕು. ಕೇಳುವವಳು ನಾನು. ಆವತ್ತೂ ಕೇಳಿದೆ. ಅಧ್ಯಕ್ಷರು ಇಲ್ಲ ಅಂದರು. ಇನ್ನೊಬ್ಬ ಸದಸ್ಯೆ ಇಲ್ಲ ಅಂದರು. ಡಾಕ್ಟರು ತಲೆ ಅಲ್ಲಾಡಿಸಿದರು. ನಾನು ಅವರ ಕಡೆ ತಿರುಗಿ ಕನ್ನಡದಲ್ಲಿ ಕೇಳಿದೆ, ‘ಡಾಕ್ಟರೆ, ಇನ್ನೊಮ್ಮೆ ಕೇಳ್ತೀನಿ. ಹೇಳೋದು ಏನರ ಅದ ಏನ್ರಿ?’

ಅಧ್ಯಕ್ಷರು ನಮ್ಮಿಬ್ಬರನ್ನೂ ನೋಡಿ ಸಂತೋಷಪಟ್ಟರು. ಪರದೇಶದವರು ತಮ್ಮ ಭಾಷೆಯಲ್ಲಿ ಉಭಯಕುಶಲೋಪರಿ ಮಾಡುತ್ತಿದ್ದಾರೆ ಅಂದುಕೊಂಡಿರಬೇಕು. ಡಾಕ್ಟರು ಇಂಗ್ಲಿಷಿನಲ್ಲಿ, ಏನೂ ಇಲ್ಲ, ಧನ್ಯವಾದ ಅಂದರು. ಏನೂ ಇಲ್ಲ ಎಂದು ಬರೆದುಕೊಂಡೆ.

ಅವಳು ಒಳಗೆ ಬಂದಳು. ಮೊದಲ ಪ್ರಶ್ನೆಗಳಿಗೆಲ್ಲ ಚೆನ್ನಾಗಿ ಉತ್ತರ ಕೊಟ್ಟಳು. ಕುಡಿದು ಗಲಾಟೆ ಮಾಡುವವನನ್ನು ಹೇಗೆ ಹೊರಗೆ ಕಳಿಸುತ್ತೀರಿ ಎಂಬ ಪ್ರಶ್ನೆಗೆ ಅವಳು ಕೊಟ್ಟ ಉತ್ತರ ಕೇಳಿ ಸದಸ್ಯೆ ನಕ್ಕರು. ಆಮೇಲೆ ಡಾಕ್ಟರು ಕನ್ನಡಕ ತೆಗೆದು, ಕ್ಯಾಸಿನೊದ ಹೊರಗೆ ಎಂದಾದರೂ ಜನರಿಂದ ಪಂಥ ಕಟ್ಟಿಸಿಕೊಂಡಿದ್ದೀರಾ ಎಂದು ಕೇಳಿದರು.

ಅವಳ ಮುಖ ಅರಳಿತು. ನಮ್ಮವರು ತನಗೆ ಒಂದು ಸಲೀಸು ಚೆಂಡು ಎಸೆದಿದ್ದಾರೆ, ತಮಾಷೆಯ ಕಥೆ ಹೇಳಿ ಎಲ್ಲರ ಮನಸ್ಸು ಗೆಲ್ಲಲು ದಾರಿ ಮಾಡಿಕೊಟ್ಟಿದ್ದಾರೆ ಅಂದುಕೊಂಡಳು. ಹೌದು ಸರ್ ಎಂದು ಲಿಂಬೆಹಣ್ಣಿನ ಕಥೆಯನ್ನು ಪೂರ್ತಿ ಹೇಳಿದಳು. ಚಾಪೆ, ಕೊಬ್ಬರಿ, ಎಸೆಯುವ ಹುಡುಗ, ಅವನು ತಿಂದ ಬೈಗಳು. ಎಲ್ಲವನ್ನೂ ಸೋತ ದೊಡ್ಡ ಮನುಷ್ಯರ ವಿಷಯವನ್ನೂ ಹೇಳಿದಳು, ಹೆಸರೊಂದನ್ನು ಬಿಟ್ಟು. ಅಧ್ಯಕ್ಷರು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ಯಾರಮ್ಮ ಆ ದೊಡ್ಡ ಮನುಷ್ಯ ಎಂದು ಕೇಳಿದರು. ಅವಳು ಡಾಕ್ಟರ ಕಡೆ ಕಣ್ಣು ಕೂಡ ಹೊರಳಿಸಲಿಲ್ಲ. ಮೇಜಿನಲ್ಲಿ ಯಾರು ಸೋತರೆಂದು ನಾವು ಹೊರಗೆ ಹೇಳುವುದಿಲ್ಲ ಸರ್ ಎಂದಳು. ಎದ್ದು ಹೋಗುವಾಗ ಗೊತ್ತಿಲ್ಲದೆಯೇ ಎರಡೂ ಅಂಗೈ ಬಿಚ್ಚಿ ತೋರಿಸಿದಳು.

ಬಾಗಿಲು ಮುಚ್ಚಿತು. ಅಧ್ಯಕ್ಷರು, ಒಳ್ಳೆಯ ಹೆಂಗಸು, ಏನಂತೀರಿ ಅಂದರು. ಡಾಕ್ಟರು ಕನ್ನಡಕ ಮತ್ತೆ ಹಾಕಿಕೊಂಡು ಮಾತಾಡಿದರು. ನಿಮಗೆ ಇದು ತಮಾಷೆಯಾಗಿ ಕಂಡಿತು, ಸಹಜ. ಆದರೆ ನನ್ನ ಸಮುದಾಯ ನನಗೆ ಗೊತ್ತು. ಅದು ದೇವರ ಹಬ್ಬ. ಮಕ್ಕಳು ಮರಿ ಇರುವಲ್ಲಿ, ಪೂಜೆಯ ತೆಂಗಿನ ಮೇಲೆ, ಯಾರೂ ಕೇಳದೆ ತಾನಾಗಿ ಕೂತು ಜೂಜು ಆಡಿಸುವುದು ನಮ್ಮಲ್ಲಿ ಸಣ್ಣ ವಿಷಯವಲ್ಲ. ಎಲ್ಲಿ ನಿಲ್ಲಿಸಬೇಕೆಂದು ಗೊತ್ತಿಲ್ಲದವರ ಕೈಗೆ ಒಂದು ಮಹಡಿ ಕೊಡುವುದು ಹೇಗೆ? ಹೀಗೆ ಮೃದುವಾಗಿ, ವ್ಯಸನದಿಂದ, ರೋಗಿಯ ಮನೆಯವರಿಗೆ ಹೇಳುವ ಧ್ವನಿಯಲ್ಲಿ ಹೇಳಿದರು. ಅಧ್ಯಕ್ಷರ ಮುಖದ ನಗು ಇಳಿಯಿತು. ಇದರಲ್ಲಿ ನಿಮ್ಮ ಮಾತೇ ಮಾತು ಅಂದರು.

ನಾನು ಪೆನ್ನು ಕೆಳಗಿಟ್ಟೆ. ಆ ಮೈದಾನ ನಮ್ಮ ಮನೆಯ ಹಿಂದಿನದು, ಕೊಬ್ಬರಿ ತಂದದ್ದು ನಾನು, ಸೋತ ದೊಡ್ಡ ಮನುಷ್ಯರು ಈ ಮೇಜಿನಲ್ಲೇ ಕೂತಿದ್ದಾರೆ ಅಂದೆ.

ಯಾರೂ ನನ್ನನ್ನು ನೋಡಲಿಲ್ಲ. ಗೋಡೆ ಮಾತಾಡಿದರೂ ಅವರು ಇನ್ನಷ್ಟು ಗಮನ ಕೊಡುತ್ತಿದ್ದರೇನೋ. ಡಾಕ್ಟರು ನಕ್ಕು, ನಮ್ಮ ಹೆಂಗಸರು ಒಬ್ಬರನ್ನೊಬ್ಬರು ಬಿಟ್ಟುಕೊಡುವುದಿಲ್ಲ, ಮೆಚ್ಚಬೇಕಾದದ್ದೇ ಅಂದರು. ಕಾರ್ಯದರ್ಶಿ ನನ್ನ ಕಡೆ ಬಾಗಿ, ಅದನ್ನು ಬರೆದುಕೊಳ್ಳುವ ಅಗತ್ಯವಿಲ್ಲ ಅಂದರು. ನಾನು ಆಡಿದ ಮಾತನ್ನು ನಾನೇ ಬರೆದುಕೊಳ್ಳಬಾರದು. ಅರ್ಜಿ ತಿರಸ್ಕೃತವಾಯಿತು. ಮೇಲಿನದಕ್ಕೆ ಯೋಗ್ಯಳಲ್ಲದವಳು ಕೆಳಗಿನದಕ್ಕೆ ಯೋಗ್ಯಳಾಗುವುದು ಹೇಗೆ ಎಂದು ಕಾರ್ಯದರ್ಶಿ ನೆನಪಿಸಿದರು, ಹೀಗಾಗಿ ಇದ್ದ ಪ್ರಮಾಣಪತ್ರವೂ ಹೋಯಿತು. ಆಮೇಲೆ ಚಹಾ ಬಂತು.

ಲಿಫ್ಟಿನ ಎದುರು ಡಾಕ್ಟರು ಸಿಕ್ಕರು. ಆಗ ಕನ್ನಡ ಬಂತು ಅವರಿಗೆ. ‘ನೋಡಿಮ್ಮಾ, ಬೇಜಾರ್ ಮಾಡ್ಕೋಬೇಡಿ. ನಮ್ಮ ಹೆಣ್ಮಕ್ಕಳು ಅಂಥಾ ಕಡೆ ಮ್ಯಾನೇಜರ್ ಅನ್ನಿಸ್ಕೊಂಡ್ರೆ ನಮ್ಮ ಕಮ್ಯುನಿಟಿಗೆ ಏನ್ ಹೆಸರು? ಒಂದ್ ರೀತೀಲಿ ಆಕೆಗೆ ನಾನು ಉಪಕಾರಾನೇ ಮಾಡ್ದೆ.’

‘ನಮ್ಮ ಬುಟ್ಟ್ಯಾಗಿಂದ ತೊಗೊಂಡ ಕೊಬ್ಬರಿ ಯಾವಾಗ ವಾಪಸ್ ಕೊಡ್ತೀರಿ, ಅಷ್ಟು ಹೇಳ್ರಿ’ ಎಂದೆ. ಅವರು ಲಿಫ್ಟಿಗೆ ಕಾಯದೆ ಮೆಟ್ಟಿಲು ಇಳಿದು ಹೋದರು. ಮುಂದಿನ ತಿಂಗಳು ನನ್ನನ್ನು ಸಭೆಯ ಕೆಲಸದಿಂದ ತೆಗೆದು ನೆಲಮಾಳಿಗೆಯ ಕಡತಗಳ ನಡುವೆ ಕೂರಿಸಿದರು. ಯಾಕೆ ಎಂದು ನಾನು ಕೇಳಲಿಲ್ಲ. ಆ ಮನೆಯ ರಿವಾಜು ನನಗೆ ಗೊತ್ತಿತ್ತು. ಮನೆಯಲ್ಲಿ ಗಂಡ, ದೊಡ್ಡವರ ಜೊತೆ ನಿನಗ್ಯಾಕೆ ಬೇಕಿತ್ತು ಎಂದು ಒಂದು ವಾರ ಮುಖ ಗಂಟಿಕ್ಕಿಕೊಂಡಿದ್ದ. ಆ ವಾರ ಅವನಿಗೆ ಉಪ್ಪಿಲ್ಲದ ಸಾರು ಹಾಕಿದೆ.

ಅವಳಿಗೆ ಮಂಡಳಿಯಿಂದ ಹೋದದ್ದು ಎರಡು ಸಾಲು. ತಾವು ಯೋಗ್ಯರೆಂದು ಮಂಡಳಿಗೆ ಮನವರಿಕೆಯಾಗಿಲ್ಲ, ಅಷ್ಟೇ. ಕ್ಯಾಸಿನೊದವರು ಅದೇ ದಿನ ಅವಳನ್ನು ಕಳಿಸಿದರು, ಅವರಿಗೂ ಬೇರೆ ದಾರಿಯಿರಲಿಲ್ಲ. ನಡೆದದ್ದನ್ನು ನಾನೇ ಹೋಗಿ ಅವಳಿಗೆ ಹೇಳಿದೆ, ನೌಕರಿ ಹೋದರೆ ಹೋಗಲಿ ಎಂದು. ಆದರೆ ಅವಳ ಮನೆ ಮತ್ತು ಈಸ್ಟ್ ಹ್ಯಾಮಿನ ಬೀದಿ ನನ್ನ ಮಾತಿಗೆ ಕಾದು ಕೂತಿರಲಿಲ್ಲ. ಸರಕಾರವೇ ಕೆಲಸದಿಂದ ತೆಗೆಸಿದೆ, ಯಾಕೆಂದು ಬಾಯಿ ಬಿಡುತ್ತಿಲ್ಲ ಅಂದಮೇಲೆ ದೊಡ್ಡದೇ ಇರಬೇಕು. ಹಣದ ಬದಲು ಮೇಜಿನ ಮೇಲೆ ಇಟ್ಟು ಆಡುವ ಬಿಲ್ಲೆ ಕದ್ದಿದ್ದಾಳೆ ಅಂದರು ಕೆಲವರು. ಕದ್ದು ಬ್ಲೌಸಿನಲ್ಲಿ ಇಟ್ಟುಕೊಂಡದ್ದು ಕ್ಯಾಮೆರಾದಲ್ಲಿ ಕಂಡಿತಂತೆ ಎಂದು ಇನ್ನು ಕೆಲವರು ಸೇರಿಸಿದರು. ಕೊಬ್ಬರಿ, ಲಿಂಬೆಹಣ್ಣು ಎಂದು ಅವಳು ಹೇಳಿದರೆ ಯಾರು ನಂಬುತ್ತಾರೆ? ಅವಳ ಗಂಡನೇ ನಂಬಲಿಲ್ಲ. ಭಾವ ಅವಳನ್ನು ಹೋಟೆಲಿನ ಕೆಲಸಕ್ಕೆ ಹಚ್ಚಿದ. ಮೇಜು ಒರೆಸುವುದು, ತಿಂಡಿ ಕೊಡುವುದು, ಚಟ್ನಿ ರುಬ್ಬುವುದು ಎಲ್ಲ ಸರಿ. ಕ್ಯಾಶ್ ಕೌಂಟರಿನ ಹತ್ತಿರ ಮಾತ್ರ ಸುಳಿಯಕೂಡದು.

ಎರಡು ಸಾವಿರದ ಇಸವಿ ದಾಟಿದ ಮೇಲೆ ಕಾನೂನು ಬದಲಾಯಿತು. ಹಳೆಯ ಮಂಡಳಿ ಮುಚ್ಚಿ ಹೊಸದೊಂದು ಸಂಸ್ಥೆ ಕಟ್ಟುವುದೆಂದಾಯಿತು. ಹೊಸ ಅಧ್ಯಕ್ಷರು, ಹೊಸ ಸದಸ್ಯರು, ಕಾರ್ಯದರ್ಶಿಯ ಬದಲು ಇನ್ನೂ ಉದ್ದನೆಯ ಹೆಸರಿನ ಮುಖ್ಯಸ್ಥರು. ಕಚೇರಿಯೂ ಲಂಡನ್ ಬಿಟ್ಟು ಹೋಗುವುದಿತ್ತು. ಜನ ಒಬ್ಬೊಬ್ಬರೇ ಬೇರೆ ಕೆಲಸ ಹುಡುಕಿಕೊಂಡು ಹೊರಟರು. ಕೊನೆಯ ತಿಂಗಳುಗಳಲ್ಲಿ ನೆಲಮಾಳಿಗೆಯಿಂದ ನನ್ನನ್ನು ಮೇಲಕ್ಕೆ ಕರೆದು ಫೋನಿನ ಎದುರು ಕೂರಿಸಿದರು. ಉತ್ತರ ಹೇಳಲು ಬೇರೆ ಯಾರೂ ಉಳಿದಿರಲಿಲ್ಲ.

ಡಾಕ್ಟರು ಫೋನು ಮಾಡಲಿಲ್ಲ, ಬಂದರು. ಹೊಸ ಸಂಸ್ಥೆಯ ಸದಸ್ಯರ ಹೆಸರು ಹೊರಬಿದ್ದ ಮರುದಿನ. ಅದರಲ್ಲಿ ಅವರ ಹೆಸರಿರಲಿಲ್ಲ. ನನ್ನ ಎದುರಿನ ಕುರ್ಚಿಯ ತುದಿಯಲ್ಲಿ ಕೂತು, ‘ಇಷ್ಟು ವರ್ಷ ಸರ್ವೀಸ್ ಮಾಡಿದ್ದೀನಿ. ಒಂದ್ ಮಾತೂ ಕೇಳ್ಲಿಲ್ಲ. ಯಾಕೆ ಅಂತ ನಿಮಗೇನಾದ್ರೂ ಗೊತ್ತಾಮ್ಮಾ?’ ಅಂದರು. ನನಗೆ ಗೊತ್ತಿತ್ತು. ಅವರ ವಿರುದ್ಧ ಯಾರೂ ಏನೂ ಹೇಳಿರಲಿಲ್ಲ. ಅವರ ಹೆಸರು ಯಾರ ನೆನಪಿಗೂ ಬಂದಿರಲಿಲ್ಲ, ಅಷ್ಟೇ. ಅವರು ಜೇಬಿನಿಂದ ಹೆಸರುಗಳ ಪಟ್ಟಿ ತೆಗೆದು ಮತ್ತೊಮ್ಮೆ ಓದಿದರು. ಮುದುಕರಾಗಿದ್ದರು.

‘ಕಾರಣ ಕೊಡೋ ಪದ್ಧತಿ ಇಲ್ರಿ ಡಾಕ್ಟರೆ’ ಎಂದೆ.

ಅವರು ಬಹಳ ಹೊತ್ತು ಕೂತಿದ್ದರು. ನಾನು ಫೋನು ಎತ್ತಿ ಬೇರೆಯವರ ಜೊತೆ ಮಾತಾಡತೊಡಗಿದೆ. ಯಾವಾಗ ಎದ್ದು ಹೋದರೋ ನೋಡಲಿಲ್ಲ. ಆ ಸಂಜೆ ನನಗೆ ಆದ ಖುಷಿಯನ್ನು ಮುಚ್ಚಿಡುವುದಿಲ್ಲ. ಮದುವೆಯ ದಿನವೂ ಅಷ್ಟು ಖುಷಿಯಾಗಿರಲಿಲ್ಲ.

ಕೆಂಟನ್ನಿನ ಮನೆಗೆ ಹೋಗದೆ ಡಿಸ್ಟ್ರಿಕ್ಟ್ ಲೈನ್ ರೈಲು ಹಿಡಿದು ನೇರ ಈಸ್ಟ್ ಹ್ಯಾಮಿಗೆ ಹೋದೆ. ಹೋಟೆಲಿನಲ್ಲಿ ಸಂಜೆಯ ಗದ್ದಲ ಇನ್ನೂ ಶುರುವಾಗಿರಲಿಲ್ಲ. ಅವಳು ಏಪ್ರನ್ ಕಟ್ಟಿಕೊಂಡು ಮೇಜು ಒರೆಸುತ್ತಿದ್ದಳು. ಎದುರು ಕೂರಿಸಿಕೊಂಡು ಎಲ್ಲ ಹೇಳಿದೆ. ಅವರು ಕುರ್ಚಿಯ ತುದಿಯಲ್ಲಿ ಕೂತದ್ದು, ಪಟ್ಟಿ ತೆಗೆದು ಮತ್ತೆ ಓದಿದ್ದು, ನಾನು ಕೊಟ್ಟ ಉತ್ತರ. ಅವಳು ದೊಡ್ಡ ಬಾಯಿ ಮಾಡಿ ನಗುತ್ತಾಳೆಂದು ಕಾದೆ.

‘ಕಾರಣ ಹೇಳ್ಲಿಲ್ಯಾ?’ ಅಂದಳು.

‘ಇಲ್ಲವ್ವಾ. ಅವರು ನಿನಗ ಹೇಳಿದ್ರೇನು?’

ಅವಳು ಒದ್ದೆ ಬಟ್ಟೆಯನ್ನು ಮಡಿಸಿದಳು. ‘ನೀವ್ ಹೇಳ್ಬೇಕಿತ್ತ್ ಅಕ್ಕ. ಕಾರಣ ಹೇಳ್ದಿದ್ರೆ ಜನ ತಾವೇ ಕಥೆ ಕಟ್ತ್ರ್. ನಂಗೆ ಕಟ್ಟಿರಲೆ, ಹಾಂಗೆ. ಆದ್ರೆ ಡಾಕ್ಟ್ರಿಗೆ ಕಟ್ಟುದ್ ಒಳ್ಳೇದೇ ಕಟ್ತ್ರ್, ಕಾಣಿ.’

ಕೌಂಟರಿನಿಂದ ಭಾವ ಕೂಗಿದ. ಅವಳು ಎದ್ದಳು. ಏಳುವಾಗ ಎರಡೂ ಅಂಗೈ ಬಿಚ್ಚಿ ತೋರಿಸಿದಳು. ಭಾವ ಅಲ್ಲಿಂದಲೇ ಆ ಕೈಗಳನ್ನು ನೋಡಿದ್ದನ್ನು ನಾನು ಕಂಡೆ. ಅವನು ನಿಜವಾಗಿಯೂ ನೋಡುತ್ತಿದ್ದ.

ಆ ವರ್ಷದ ರಾಜ್ಯೋತ್ಸವ ಒಂದು ಶಾಲೆಯ ಸಭಾಂಗಣದಲ್ಲಿ ನಡೆಯಿತು. ಊಟ ಈಸ್ಟ್ ಹ್ಯಾಮಿನ ಆ ಹೋಟೆಲಿನದೇ. ವೇದಿಕೆಯಲ್ಲಿ ಡಾಕ್ಟರಿಗೆ ಸನ್ಮಾನ. ಶಾಲು, ಹಾರ, ಹಣ್ಣಿನ ತಟ್ಟೆ. ಪರಿಚಯ ಮಾಡಿಕೊಟ್ಟ ಬೆಂಗಳೂರಿನ ಹುಡುಗ ಕಾಗದ ನೋಡದೆ ಹೇಳಿದ. ನಮ್ಮ ಡಾಕ್ಟರು ಈ ದೇಶದ ಸರಕಾರ ಕೊಟ್ಟ ದೊಡ್ಡ ಹುದ್ದೆಯಲ್ಲಿದ್ದರೂ, ಅದು ಜೂಜಿಗೆ ಸಂಬಂಧಪಟ್ಟದ್ದೆಂದು ಮನಸ್ಸು ಒಪ್ಪದೆ, ಹೊಸ ಸಂಸ್ಥೆಯವರು ಎಷ್ಟು ಬೇಡಿಕೊಂಡರೂ ಬರುವುದಿಲ್ಲ ಎಂದು ಧರ್ಮಕ್ಕಾಗಿ ಬಿಟ್ಟುಕೊಟ್ಟು ಬಂದವರು. ಸಭಾಂಗಣದ ತುಂಬ ಚಪ್ಪಾಳೆ. ನನ್ನ ಗಂಡನೂ ತಟ್ಟಿದ. ಡಾಕ್ಟರು ಬೇಡ ಬೇಡ ಎನ್ನುವಂತೆ ಕೈ ಆಡಿಸಿ ತಲೆ ತಗ್ಗಿಸಿದರು. ಇಲ್ಲ ಎಂದು ಹೇಳಲಿಲ್ಲ.

ಊಟದ ಸಾಲಿನಲ್ಲಿ ನಾನು ತಟ್ಟೆ ಹಿಡಿದು ನಿಂತಾಗ ಸೌಟು ಹಿಡಿದವಳು ಅವಳೇ. ನನಗಿಂತ ಸ್ವಲ್ಪ ಮುಂದೆ ಶಾಲು ಹೊದ್ದ ಡಾಕ್ಟರು ಇದ್ದರು. ಅವರು ತಟ್ಟೆ ಚಾಚಿ, ‘ಚೆನ್ನಾಗಿದೀಯೇನಮ್ಮಾ?’ ಎಂದು ಕೇಳಿದರು. ಅವಳು ಹೌದು ಎಂದು ಬಡಿಸಿದಳು. ನನ್ನ ಸರದಿ ಬಂದಾಗ ಮುಖ ಎತ್ತಿ ನೋಡಿದಳು.

‘ಕೇಂಡ್ರ್ಯಾ ಅಕ್ಕ? ಕಥೆ ಒಳ್ಳೇದೇ ಕಟ್ಟಿರ್’ ಅಂದಳು. ‘ಪಲ್ಯ ಹಾಕ್ಲಾ?’